ಪಂಕ್ತಿಯ ಒಲ್ಲೆ, ಖರೆ ಒಲ್ಲೆ

ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಕೂತವರು ‘ಒಲ್ಲೆ’ ಎಂದರೆ ಯಾರೂ ನಂಬುವುದಿಲ್ಲ. ನಂಬಿದರೆ ಅವಮರ್ಯಾದೆ. ಮಿಶ್ರಿಕೋಟಿಯ ನನ್ನ ತವರುಮನೆಯಲ್ಲಿ ಆಯಿ, ಅಂದರೆ ನನ್ನ ಅಜ್ಜಿ, ಹೋಳಿಗೆಯ ಬುಟ್ಟಿ ಹಿಡಿದು ಬಂದಳೆಂದರೆ ಬೀಗರು ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದು, “ವಲ್ಲೆ, ವಲ್ಲೇ ವಲ್ಲೆ, ಹೊಟ್ಟಿ ಒಡೀತೈತಿ” ಎಂದು ಕೂಗುತ್ತಿದ್ದರು. ಆಯಿ ಆ ಬೆರಳುಗಳ ಸಂದಿಯಲ್ಲೇ ಹೋಳಿಗೆ ಜಾರಿಸಿ, ಮೇಲೆ ತುಪ್ಪ ಸುರಿದು ಮುಂದಿನ ಎಲೆಗೆ ಹೋಗುತ್ತಿದ್ದಳು. ಒಮ್ಮೆ ಹೊಸದಾಗಿ ಬಂದ ಸೊಸೆಯೊಬ್ಬಳು ಬೀಗರ ಮಾತು ನಿಜವೆಂದು ತಿಳಿದು ಬುಟ್ಟಿಯೊಂದಿಗೆ ಮುಂದೆ ಹೋಗಿಬಿಟ್ಟಳು. ಆ ಬೀಗರು ಎದ್ದು ಹೋಗುವಾಗ ಕೈಯನ್ನೇನೋ ತೊಳೆದರು, ಸಿಟ್ಟನ್ನು ತೊಳೆಯಲಿಲ್ಲ. ಮುಂದೆ ಎಷ್ಟೋ ವರ್ಷ ಅವರು ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ಆಡಿ ತೋರಿಸುತ್ತಿದ್ದರು.

ನನಗೆ ಶಬ್ದಗಳನ್ನು ಕೆದಕುವ ಚಟ. “ಕೋಳಿ ತಿಪ್ಪಿ ಕೆದರಿದಂಗ ಕೆದರತಾಳ” ಎಂದು ಅವ್ವ ಬೈಯುತ್ತಿದ್ದಳು. ಈ ‘ಒಲ್ಲೆ’ ಎಂಬ ಶಬ್ದವಂತೂ ನನ್ನನ್ನು ಬಿಟ್ಟೇ ಇಲ್ಲ. ನಮ್ಮ ಆಡುಮಾತಿನಲ್ಲಿ ಅದು ‘ವಲ್ಲೆ’ ಆಗುತ್ತದೆ, ಮನುಷ್ಯರಿಗಷ್ಟೇ ಅಲ್ಲ, ಉಳಿದೆಲ್ಲದಕ್ಕೂ ಹತ್ತಿಕೊಳ್ಳುತ್ತದೆ. ಮಳಿ ಆಗವಲ್ದು, ನಿದ್ದಿ ಹತ್ತವಲ್ದು, ಎಮ್ಮಿ ಹಾಲು ಇಳಸವಲ್ದು, ಟ್ರ್ಯಾಕ್ಟರ್ ಚಾಲೂ ಆಗವಲ್ದು. ಅಂದರೆ ಮಳೆಗೂ ಮನಸ್ಸಿದೆ, ಟ್ರ್ಯಾಕ್ಟರಿಗೂ ಇದೆ, ಅವು ಒಲ್ಲೆವೆಂದರೆ ನಾವು ಕೈಕಟ್ಟಿ ಕೂರುತ್ತೇವೆ. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು ಎಂಬ ಗಾದೆಯೂ ಇದೆ. ಒಲ್ಲದ ಹೆಂಡತಿಯ ಬಗ್ಗೆ ಏನಾದರೂ ಗಾದೆ ಇದೆಯೇ ಎಂದು ನಾನು ಓಣಿಯ ಹಿರಿಯರನ್ನೆಲ್ಲ ಕೇಳಿ ನೋಡಿದೆ. “ನಿನಗ ಬ್ಯಾರೆ ಕೆಲಸ ಇಲ್ಲೇನಬೇ?” ಎಂಬ ಉತ್ತರವೊಂದೇ ಸಿಕ್ಕಿತು.

ಬೇರೆ ಕೆಲಸ ಇತ್ತು. ನಮ್ಮ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ, ಮಕ್ಕಳಿಗೆ ಲಸಿಕೆ ಹಾಕುವ ಕೋಣೆಯ ಬಾಜು ನನ್ನದೊಂದು ಸಣ್ಣ ಕೋಣೆ. ಬಾಗಿಲ ಮೇಲೆ ‘ಆಪ್ತ ಸಮಾಲೋಚನೆ’ ಎಂಬ ಫಲಕ. ಒಬ್ಬ ಮುದುಕ ಒಳಗೆ ಇಣುಕಿ, “ಆಪ್ತರು ಊಟಕ್ಕ ಹೋಗ್ಯಾರೇನ್ರಿ?” ಎಂದು ಕೇಳಿದ್ದ. ಆಪ್ತ ಎಂಬುವರು ಯಾರೋ ಸಾಹೇಬರು ಎಂದು ಆತ ತಿಳಿದಿದ್ದ. ಉಳಿದವರ ಪ್ರಕಾರ ನನ್ನ ಕೆಲಸ ‘ಬುದ್ಧಿ ಹೇಳೂದು’. ಕುಡಿಯುವ ಮಗನಿಗೆ, ಗಂಡನ ಮನೆಗೆ ಹೋಗದ ಮಗಳಿಗೆ, ಗುಳಿಗೆ ನುಂಗದ ಮಾವನಿಗೆ ಬುದ್ಧಿ ಹೇಳಿಸಲು ಕರೆತರುತ್ತಾರೆ. ನಿಜವಾಗಿ ನನ್ನನ್ನು ಅಲ್ಲಿ ಕೂರಿಸಿದ್ದು ಬೇರೆಯದಕ್ಕೆ. ಬಲಾತ್ಕಾರಕ್ಕೆ ಒಳಗಾದ ಹೆಣ್ಣುಮಕ್ಕಳು ಆಸ್ಪತ್ರೆಗೆ ಬಂದ ಗಳಿಗೆಯಿಂದ ನಾನು ಅವರ ಜೊತೆ ಇರಬೇಕು. ಮುಂದೆ ಏನೇನು ನಡೆಯುತ್ತದೆ ಎಂದು ತಿಳಿಸಬೇಕು, ಪ್ರತಿಯೊಂದಕ್ಕೂ ಅವರನ್ನೇ ಕೇಳಬೇಕು. ಬುದ್ಧಿ ಹೇಳುವುದೊಂದನ್ನು ಮಾತ್ರ ಮಾಡಬಾರದು. ನನ್ನಂಥ ಬಾಯಿಬಡುಕಿಗೆ ಇದು ಎಂಥ ಶಿಕ್ಷೆ ಎಂದು ನನ್ನ ಗಂಡನನ್ನು ಕೇಳಬೇಕು.

ಇಲ್ಲಿ ನಾನು ಬರೆಯುತ್ತಿರುವ ಹುಡುಗಿಯ ಊರು, ವಯಸ್ಸು, ಗುರುತು ಹಿಡಿಯಬಹುದಾದ ಎಲ್ಲವನ್ನೂ ಬದಲಿಸಿದ್ದೇನೆ. ಆಕೆ ಆಡಿದ ಆ ಒಂದು ಶಬ್ದವನ್ನು ಬದಲಿಸಿಲ್ಲ.

ಆಷಾಢದ ಒಂದು ಬೆಳಗ್ಗೆ, ಹೊರರೋಗಿಗಳ ಸಾಲು ಕಟ್ಟೆಯ ತನಕ ಹಬ್ಬಿದ್ದಾಗ, ನಮ್ಮ ಡಾಕ್ಟರ್ ಬಾಯಿ, ಅಂದರೆ ಆಸ್ಪತ್ರೆಯ ವೈದ್ಯೆ, ಒಬ್ಬ ತಾಯಿಯನ್ನೂ ಮಗಳನ್ನೂ ತಾವೇ ನನ್ನ ಕೋಣೆಗೆ ಕರೆತಂದರು. ಮಗಳಿಗೆ ಇಪ್ಪತ್ತು ದಾಟಿದ ವಯಸ್ಸು, ಊರಿನಲ್ಲಿ ಬ್ಲೌಸು ಹೊಲಿಯುವ ಕೆಲಸ. ಹೊಟ್ಟೆನೋವೆಂದು ಚೀಟಿ ಮಾಡಿಸಿದ್ದರು. ಡಾಕ್ಟರ್ ತಾಯಿಯನ್ನು ಹೊರಗೆ ನಿಲ್ಲಿಸಿ ಒಬ್ಬಳನ್ನೇ ಕೇಳಿದಾಗ ಹುಡುಗಿ ನಿಜ ಹೇಳಿದ್ದಳು. ಸೋದರಮಾವನ ಮಗ, ಆಕೆಗೆ ಗೊತ್ತುಮಾಡಿದ್ದ ವರ, ಎರಡು ದಿನದ ಹಿಂದೆ ತಾಯಿ ಹೊಲಕ್ಕೆ ಹೋದ ಹೊತ್ತಿನಲ್ಲಿ ಮನೆಗೆ ಬಂದಿದ್ದ. ಆತ ಏನು ಮಾಡಿದ ಎಂಬುದನ್ನು ನಾನು ಬರೆಯುವುದಿಲ್ಲ. ಆಕೆ ಕುತ್ತಿಗೆಯ ಮೇಲಿನ ಗುರುತುಗಳನ್ನು ಮುಚ್ಚಲು ವೇಲನ್ನು ಎಷ್ಟು ಬಿಗಿಯಾಗಿ ಸುತ್ತಿಕೊಂಡಿದ್ದಳೆಂದರೆ, ಉಸಿರಾಡಲು ಆಗುತ್ತಿದೆಯೇ ಎಂದು ನಾನು ಕೇಳಬೇಕಾಯಿತು.

ತಾಯಿಗೂ ಎಲ್ಲ ಗೊತ್ತಿತ್ತು. ಕುರ್ಚಿಯ ತುದಿಯಲ್ಲಿ ಕೂತು ಆಕೆ ಕೇಳಿದ್ದು ಇಷ್ಟು:

“ಬಾಯಾರ, ಆಕಿಗೆ ಸ್ವಲ್ಪ ಬುದ್ಧಿ ಹೇಳ್ರಿ. ಆಗೂದು ಆಗಿ ಹೋತು. ಹೆಂಗಿದ್ರೂ ಅವಗ ಕೊಡಾಕಿ. ಶ್ರಾವಣದಾಗ ಲಗ್ನ ಐತಿ. ನಿನ್ನಿಯಿಂದ ಊಟ ವಲ್ಲೆ, ನೀರು ವಲ್ಲೆ, ಲಗ್ನ ವಲ್ಲೆ ಅಂತ ಹಟ ಹಿಡದು ಕುಂತಾಳ.”

“ಬುದ್ಧಿ ಹೇಳೂ ಕೆಲಸ ನಂದಲ್ರಿ ಯವ್ವಾ,” ಎಂದೆ. “ಆಕಿ ಹೇಳಿದ್ದನ್ನ ಕೇಳೂದು ನನ್ನ ಕೆಲಸ.”

ಆಕೆ ನನ್ನನ್ನು ಪಗಾರ ತಿಂದು ಕೆಲಸ ಮಾಡದವಳನ್ನು ನೋಡುವಂತೆ ನೋಡಿದಳು.

ಆಸ್ಪತ್ರೆಯ ಆಯಾ ಮೂರು ಕಪ್ಪು ಚಹಾ ತಂದಿಟ್ಟಳು. ಹುಡುಗಿಯ ಮುಂದೆ ಒಂದು ಕಪ್ಪು ಸರಿಸಿದೆ. “ವಲ್ಲೆ,” ಎಂದಳು. ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿದ್ದರು: ಬೇಡವೆಂದರೆ ಬೇಡ, ಒತ್ತಾಯ ಸಲ್ಲದು. ನಾನು ದೊಡ್ಡ ಶಿಸ್ತಿನವಳಂತೆ ಕಪ್ಪನ್ನು ಹಿಂದೆ ತೆಗೆದುಕೊಂಡೆ. ತಾಯಿ ತನ್ನದನ್ನೂ ಕುಡಿದು, ಚೆಲ್ಲಬಾರದೆಂದು ಮಗಳದನ್ನೂ ಕುಡಿದಳು. ಹುಡುಗಿ ಆ ಎರಡನೇ ಕಪ್ಪು ಖಾಲಿಯಾಗುವ ತನಕ ಅದನ್ನೇ ನೋಡುತ್ತಿದ್ದಳು. ನನಗೆ ಆಗ ಪಂಕ್ತಿಯ ಆ ಹೊಸ ಸೊಸೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಡಾಕ್ಟರ್ ಮತ್ತೆ ಬಂದು, ಏನೇನು ಮಾಡಬಹುದೆಂದು ಮೆಲ್ಲಗೆ ವಿವರಿಸಿದರು. ಬಸಿರು ನಿಲ್ಲದಂತೆ ಗುಳಿಗೆ, ರೋಗ ಹತ್ತದಂತೆ ಔಷಧಿ, ರಕ್ತಪರೀಕ್ಷೆ, ಗಾಯಗಳಿಗೆ ಉಪಚಾರ. ಅದರ ಜೊತೆ, ಮುಂದೆ ಕೇಸಿಗೆ ಬೇಕಾದೀತೆಂದು ಮೈಯ ತಪಾಸಣೆ. ಹೊತ್ತು ಕಳೆದಷ್ಟೂ ಗುರುತುಗಳು ಅಳಿಸಿಹೋಗುತ್ತವೆ ಎಂಬುದನ್ನೂ ಹೇಳಿದರು.

“ತಪಾಸಣಿ ಮಾಡ್ಲೇನವಾ?”

“ವಲ್ಲೆ.”

“ಆಕಿ ಹಂಗ ಅಂತಾಳ್ರಿ ಡಾಕ್ಟರ್ ಬಾಯಾರ,” ತಾಯಿ ತಕ್ಷಣ ನಡುವೆ ಬಂದಳು. “ಸಣ್ಣಾಕಿದ್ದಾಗಿಂದ ಎಲ್ಲಾದಕ್ಕೂ ಮೊದಲ ವಲ್ಲೆ ಅನ್ನೂದ. ನೀವು ಮಾಡ್ರಿ. ಏನೂ ಆಗಿಲ್ಲಂತ ಬರದು ಕೊಟ್ಟಬಿಡ್ರಿ, ಮುಗದು ಹೋಗ್ಲಿ.”

“ಆಕಿ ಹೂಂ ಅನ್ನೂತನ ನಾ ಆಕಿನ್ನ ಮುಟ್ಟಂಗಿಲ್ರಿ,” ಎಂದರು ಡಾಕ್ಟರ್, ಎರಡೂ ಕೈಗಳನ್ನು ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡು. “ತಪಾಸಣಿ ವಲ್ಲೆ ಅಂದ್ರೂ ಔಷಧ ಕೊಟ್ಟ ಕೊಡತೀವಿ.”

ಹುಡುಗಿ ತಲೆ ಎತ್ತಿದಳು. ಡಾಕ್ಟರರ ಮುಖವನ್ನಲ್ಲ, ಜೇಬಿಗೆ ಹೋದ ಆ ಕೈಗಳನ್ನು ನೋಡಿದಳು. ಆ ನೋಟದಲ್ಲಿ ಕೃತಜ್ಞತೆ ಗಿತಜ್ಞತೆ ಏನೂ ಇರಲಿಲ್ಲ. ಇದೇನು ಹೊಸ ನಮೂನೆ ಎಂಬ ಕುತೂಹಲವಿತ್ತು, ಅಷ್ಟೇ.

ನನ್ನ ಒಳಗಿನ ಅವಸ್ಥೆ ಹೇಳಿಬಿಡುತ್ತೇನೆ. ಆ ತಪಾಸಣೆ ಆಗಲೇಬೇಕೆಂದು ನನ್ನ ಜೀವ ಹಾತೊರೆಯುತ್ತಿತ್ತು. ಆ ಹುಡುಗ ಸಿಕ್ಕಿಬೀಳಬೇಕು, ಬಿದ್ದು ನರಳಬೇಕು ಎಂದು ನನಗೆ ಅಷ್ಟು ಸಿಟ್ಟು ಬಂದಿತ್ತು. ‘ಮಾಡಿಸ್ಕೋ ತಂಗಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆಡಿದ್ದರೆ ನಾನೂ ಹೋಳಿಗೆಯ ಬುಟ್ಟಿ ಹಿಡಿದ ಆಯಿಯೇ ಆಗುತ್ತಿದ್ದೆ. ಆದರೆ ಸುಮ್ಮನಿರಲೂ ಹೆದರಿಕೆ. ಚಹಾದ ಒಲ್ಲೆ ಸುಳ್ಳಾಗಿತ್ತಲ್ಲ, ಈ ಒಲ್ಲೆ ಯಾವ ಜಾತಿಯದು? ನಗರದಿಂದ ಬಂದ ತರಬೇತಿಯವರಿಗೆ ಈ ತೊಡಕು ಗೊತ್ತಿರಲಿಲ್ಲ. ಒಂದೇ ಶಬ್ದವನ್ನು ಮರ್ಯಾದೆಗೂ ನಿಜಕ್ಕೂ ಬಳಸುವವರ ನಡುವೆ ಅವರು ಉಂಡವರಲ್ಲ.

ಔಷಧದ ಚೀಟಿ ಕೊಟ್ಟು ತಾಯಿಯನ್ನು ಸಾಲಿಗೆ ಕಳಿಸಿದೆ. ಡಾಕ್ಟರ್ ಕಿಟಕಿಯ ಹತ್ತಿರ ನಿಂತರು. ನಾನು ನನಗೆ ತಿಳಿದ ದಾರಿ ಹಿಡಿದೆ.

“ತಂಗಿ, ಒಂದು ಕೇಳಲಿ? ಪಂಕ್ತಿಯೊಳಗ ನಾವು ಎಲ್ಲಾರೂ ವಲ್ಲೆ ಅಂತೀವಿ. ಹೊಟ್ಟಿ ಹಸದಿರತೈತಿ, ಆದ್ರೂ ಅಂತೀವಿ. ಈಗ ಚಾ ವಲ್ಲೆ ಅಂದ್ಯಲ್ಲ, ಅದು ಪಂಕ್ತಿ ವಲ್ಲೆನೋ, ಖರೆ ವಲ್ಲೆನೋ?”

ಆಕೆ ನನ್ನ ಮುಖ ನೋಡಿದಳು. ತುಟಿಯ ಒಂದು ಮೂಲೆ ಅಲ್ಲಾಡಿತು.

“ಪಂಕ್ತಿದು,” ಎಂದಳು. “ನೀವು ಇನ್ನೊಂದ ಸರತಿ ಕೇಳತೀರಿ ಅಂತ ಮಾಡಿದ್ನಿ. ಕೇಳಲೇ ಇಲ್ಲ. ನಮ್ಮವ್ವ ಕುಡದ್ಲು.”

ಡಾಕ್ಟರ್ ಕಿಟಕಿಯತ್ತ ಮುಖ ತಿರುಗಿಸಿ ನಕ್ಕರು. ಆಯಾಳನ್ನು ಕೂಗಿ ಇನ್ನೊಂದು ಕಪ್ಪು ತರಿಸಿದೆ. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯತೊಡಗಿದಳು. ಆಮೇಲೆ ತಪಾಸಣೆಯ ಮಾತನ್ನು ಕೇಳಿದೆ.

“ಅದು ಖರೆ ವಲ್ಲೆ.” ಒಂದು ಗುಟುಕು ಕುಡಿದು ಸೇರಿಸಿದಳು, “ಎಲ್ಲಾ ಅಲ್ಲ. ಒಳಗ ಕೈ ಹಾಕೂದು ಖರೆ ವಲ್ಲೆ.”

ಡಾಕ್ಟರ್ ಸ್ಟೂಲು ಎಳೆದುಕೊಂಡು ಆಕೆಯ ಎದುರು ಕೂತರು. ಒಂದೊಂದನ್ನೇ ಹೆಸರಿಟ್ಟು ಕೇಳುತ್ತಾ ಹೋದರು, ಆಕೆ ಒಂದೊಂದಕ್ಕೇ ಉತ್ತರ ಕೊಟ್ಟಳು. ಗುಳಿಗೆ ಬೇಕು. ರಕ್ತ ತೆಗೆಯಬಹುದು. ಕುತ್ತಿಗೆ, ತೋಳಿನ ಗಾಯ ನೋಡಬಹುದು, ಬರೆದುಕೊಳ್ಳಬಹುದು. ಅದರಾಚೆ ಒಲ್ಲೆ. ಆ ದಿನದ ಬಟ್ಟೆ ಒಗೆಯದೇ ಟ್ರಂಕಿನಡಿ ಇಟ್ಟಿದ್ದಳಂತೆ, ಚೀಲದಲ್ಲಿ ತಂದೂ ಇದ್ದಳು. ಅದನ್ನು ಕಾಗದದ ಲಕೋಟೆಗೆ ಹಾಕುವಾಗ, “ಪ್ಲಾಸ್ಟಿಕ್ ಚೀಲದಾಗ ಯಾಕ ಹಾಕಂಗಿಲ್ರಿ?” ಎಂದು ಕೇಳಿದಳು. ಪ್ಲಾಸ್ಟಿಕ್‌ನಲ್ಲಿ ತೇವ ಕೂತು ಬಟ್ಟೆ ಬೂಸುಗಟ್ಟುತ್ತದೆ, ಗುರುತು ಕೆಡುತ್ತದೆ ಎಂದರು ಡಾಕ್ಟರ್. ಆಕೆ ತಲೆಯಾಡಿಸಿದಳು. ಬಟ್ಟೆಯ ವಿಷಯ ಬಂದಾಗ ಆಕೆಯ ದನಿ ಬೇರೆಯೇ ಆಗುತ್ತಿತ್ತು. ಮಧ್ಯದಲ್ಲೊಮ್ಮೆ ನನ್ನ ಬೆನ್ನು ನೋಡಿ, “ಅಕ್ಕಾರ, ನಿಮ್ಮ ಬ್ಲೌಸ್ ಯಾರ ಹೊಲದಾರ? ಹೆಗಲ ಎಳದೈತಿ,” ಎಂದೂ ಹೇಳಿದಳು. ಹೊಲಿದವಳು ನನ್ನ ನಾದಿನಿ. ಆಕೆಗೆ ಈ ಮಾತನ್ನು ಈವರೆಗೂ ಮುಟ್ಟಿಸಿಲ್ಲ.

ಮದುವೆಯ ಸುದ್ದಿಯನ್ನು ನಾನಾಗಿ ಕೇಳಲಿಲ್ಲ, ಆಕೆಯೇ ತೆಗೆದಳು. ಯುಗಾದಿ ಆದಮೇಲೆ ಸಕ್ಕರೆ ಹಂಚಿದ್ದರು. ನಮ್ಮಲ್ಲಿ ಮದುವೆ ಗಟ್ಟಿಯಾದದ್ದಕ್ಕೆ ಅದೇ ಶಾಸ್ತ್ರ. ಹಿರಿಯರು ಕೂತು ಮಾತು ಮುಗಿಸಿ, ಹುಡುಗಿಯನ್ನು ಕರೆದು ಒಪ್ಪಿಗೆ ಇದೆಯೇ ಎಂದು ಕೇಳುತ್ತಾರೆ. ಹುಡುಗಿಯರು ತಲೆ ತಗ್ಗಿಸುತ್ತಾರೆ, ಕೆಲವರು ನಾಚಿಕೊಂಡು ‘ವಲ್ಲೆ’ ಎನ್ನುತ್ತಾರೆ, ಕೂಡಿದವರೆಲ್ಲ ಗೊಳ್ಳೆಂದು ನಗುತ್ತಾರೆ.

“ನಾನೂ ವಲ್ಲೆ ಅಂದ್ನಿ,” ಎಂದಳು. “ನಾಚಿಕೊಂಡು ಅಲ್ರಿ. ಅವನ ಕಣ್ಣು ನನಗ ಮೊದಲಿಂದ ಸೇರಂಗಿಲ್ಲ. ಎಲ್ಲಾರೂ ನಕ್ರು. ನಮ್ಮವ್ವ ನಕ್ಕೋತ ಬಂದು ನನ್ನ ಬಾಯಾಗ ಸಕ್ಕರಿ ಹಾಕಿದ್ಲು. ಬಾಯಿ ತುಂಬ ಸಕ್ಕರಿ ಇದ್ರ ಏನ ಮಾತಾಡ್ಲಿ?”

ಇಷ್ಟು ವರ್ಷ ಆ ಶಬ್ದವನ್ನು ಕೆದಕಿದವಳು ನಾನು, ಸಕ್ಕರೆ ಹಂಚುವ ಮನೆಗಳಿಗೆ ಎಷ್ಟು ಸಲ ಹೋಗಿದ್ದೇನೆ, ಎಷ್ಟು ನಕ್ಕಿದ್ದೇನೆ. ಆ ನಗೆಯೊಳಗೆ ಯಾರಾದರೂ ನಿಜ ಹೇಳುತ್ತಿದ್ದರೆ ಗೊತ್ತಾಗುವುದು ಹೇಗೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

“ಪೊಲೀಸರಿಗೆ ಹೇಳಿದ್ರ ಲಗ್ನ ನಿಂದರತೈತೇನ್ರಿ?” ಎಂದು ಕೇಳಿದಳು.

ಸುಳ್ಳು ಭರವಸೆ ಕೊಡುವುದು ನನ್ನಿಂದಾಗದು. “ಹೇಳಿದ್ರ ಕೇಸ್ ಆಗತೈತಿ. ಆಸ್ಪತ್ರಿಯವರು ಹೆಂಗಿದ್ರೂ ಠಾಣೆಗೆ ಸುದ್ದಿ ಕೊಡಬೇಕು, ಆದ್ರ ಹೇಳಿಕಿ ಕೊಡೂದು ಬಿಡೂದು ನಿಂದು. ಲಗ್ನದ ಮಾತು ಠಾಣೆಯೊಳಗ ಮುಗಿಯೂದಿಲ್ಲ ತಂಗಿ. ಅದು ನಿಮ್ಮ ಮನಿಯೊಳಗ ಮುಗೀಬೇಕು. ನಿಮ್ಮವ್ವ ಏನಂತಾಳೋ ಅದರ ಮ್ಯಾಲೆ ಐತಿ.”

ಆಕೆ ಖಾಲಿ ಕಪ್ಪನ್ನು ಮೇಜಿನ ಮೇಲಿಟ್ಟಳು. “ಹೇಳತೇನಿ,” ಎಂದಳು. “ಹೇಳೂಮುಂದ ನಮ್ಮವ್ವ ಬಾಜೂಕ ಇರಬೇಕು. ಆಕಿ ಕೇಳಬೇಕು.”

ಮಧ್ಯಾಹ್ನ ಮಹಿಳಾ ಪೊಲೀಸ್ ಅಧಿಕಾರಿ ಬಂದರು. ಸಾದಾ ಸೀರೆಯುಟ್ಟ, ನನ್ನಷ್ಟೇ ವಯಸ್ಸಿನ ಹೆಂಗಸು, ದನಿ ಎತ್ತದವರು. ನನ್ನ ಕೋಣೆಯಲ್ಲೇ ಹೇಳಿಕೆ ಬರೆದುಕೊಂಡರು. ತಾಯಿ ಬಾಗಿಲಿನ ಹತ್ತಿರದ ಬೆಂಚಿನಲ್ಲಿ, ಔಷಧದ ಪೊಟ್ಟಣವನ್ನು ಉಡಿಯಲ್ಲಿ ಇಟ್ಟುಕೊಂಡು ಕೂತಿದ್ದಳು. ಮಗಳತ್ತ ನೋಡುತ್ತಿರಲಿಲ್ಲ. ಮಗಳು ಮಾತ್ರ ತಾಯಿಯನ್ನೇ ನೋಡುತ್ತಾ ಹೇಳಿದಳು.

“ನೀ ಏನಂದಿ ಅವಗ?” ಎಂದು ಕೇಳಿದರು ಅಧಿಕಾರಿ.

“ವಲ್ಲೆ ಅಂದ್ನಿ.”

ಅವರು ಬರೆದುಕೊಂಡು ಓದಿ ಹೇಳಿದರು: “ಸದರಿ ಕೃತ್ಯಕ್ಕೆ ನಾನು ನಿರಾಕರಿಸಿದೆನು.”

“ಅದಲ್ರಿ,” ಎಂದಳು ಹುಡುಗಿ. “ಅಂಥಾ ಮಾತು ನನಗ ಬರೂದಿಲ್ಲ. ವಲ್ಲೆ ಅಂದ್ನಿ.”

ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿ, ಆಕೆ ಅಂದಂತೆಯೇ ಬರೆದರು.

“ಆತ ಏನಂದ?”

ಹುಡುಗಿಯ ದನಿ ಇಲ್ಲಿಯವರೆಗೆ ಗಟ್ಟಿಯಾಗಿತ್ತು. ಈಗ ಇಳಿಯಿತು.

“‘ಸಕ್ಕರಿ ಹಂಚಿದ ದಿನಾನೂ ಹಿಂಗ ಅಂದಿದ್ದಿ’ ಅಂದ.”

ಬೆಂಚಿನ ಮೇಲಿನ ತಾಯಿಯ ಉಡಿಯಿಂದ ಔಷಧದ ಪೊಟ್ಟಣ ಜಾರಿ ಬಿತ್ತು. ಆಕೆ ಬಗ್ಗಿ ಎತ್ತಿಕೊಳ್ಳಲಿಲ್ಲ. ಬಾಯಿಗೆ ಸೆರಗು ಒತ್ತಿ ಹಿಡಿದು, ಮಗಳನ್ನು ಆಗ ನೋಡಿದಳು. ಬಾಜು ಕೋಣೆಯಲ್ಲಿ ಲಸಿಕೆ ಹಾಕಿಸಿಕೊಂಡ ಕೂಸೊಂದು ಒಂದೇ ಸಮನೆ ಅಳುತ್ತಿತ್ತು.

ಅಧಿಕಾರಿ ಸಹಿ ಮಾಡಿಸಿಕೊಂಡು ಹೋದಮೇಲೆ ತಾಯಿಯ ಫೋನು ಬಡಿದುಕೊಳ್ಳತೊಡಗಿತು. ಹೆಸರು ಓದದೆಯೇ ಯಾರೆಂದು ನನಗೆ ತಿಳಿಯಿತು. ಬೆಳಗಿನಿಂದ ಮೇಲಿಂದ ಮೇಲೆ ಬರುತ್ತಿದ್ದದ್ದು ಆಕೆಯ ಅಣ್ಣನ, ಅಂದರೆ ಆ ಹುಡುಗನ ಅಪ್ಪನ ಫೋನು. ಗಂಡ ತೀರಿಕೊಂಡಮೇಲೆ ಆಕೆಗೆ ಹೊಲ ಉಳುಮೆ ಮಾಡಿಸಿಕೊಟ್ಟವನು, ಮಗಳಿಗೆ ಹೊಲಿಗೆ ಯಂತ್ರ ಕೊಡಿಸಿದವನು ಅವನೇ ಎಂದು ತಾಯಿ ಔಷಧದ ಸಾಲಿನಿಂದ ಬಂದಾಗ ನನಗೆ ಹೇಳಿದ್ದಳು. ನಾಗರ ಪಂಚಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುತ್ತಾನೆ. ಮೊಮ್ಮಕ್ಕಳನ್ನು ಕಂಡ ಹೆಂಗಸೂ ಆ ದಿನ ಬೆಳಗಿನಿಂದ ಹೊರಗೆ ಹಣಿಕಿ ಹಾಕುತ್ತಿರುತ್ತಾಳೆ. ಕರೆಯಲು ಯಾರೂ ಬರದವಳನ್ನು ಓಣಿಯವರು ಕೇಳದೇ ಬಿಡುವುದಿಲ್ಲ, “ಯಾಕಬೇ, ತವರಾಗ ಯಾರೂ ಇಲ್ಲೇನು?”

ತಾಯಿ ಫೋನು ಎತ್ತಿದಳು. ಆ ಕಡೆಯ ದನಿ ನಮಗೂ ಕೇಳಿಸುವಷ್ಟು ದೊಡ್ಡದಿತ್ತು. ಎಲ್ಲಿದ್ದೀರಿ, ಯಾರಿಗೆ ಏನು ಹೇಳಿದಿರಿ, ಹುಡುಗಿಗೆ ಬುದ್ಧಿ ಹೇಳಿಸಿದೆಯೋ ಇಲ್ಲವೋ.

“ಅಣ್ಣಾ,” ಎಂದಳು ತಾಯಿ. “ಆಕಿ ವಲ್ಲೆ ಅಂದಾಳ.”

ಅವನು ಏನೋ ಹೇಳಿ ನಕ್ಕ. ಆ ನಗೆ ಫೋನಿನಿಂದ ಸ್ಪಷ್ಟವಾಗಿ ಕೇಳಿಸಿತು. ತಾಯಿ ನಗೆ ಮುಗಿಯುವ ತನಕ ಕಾದಳು.

“ಈ ಸಲ ಪಂಚಮಿಗೆ ನನ್ನ ಕರಿಯಾಕ ಬರಬ್ಯಾಡ,” ಎಂದಳು.

ಆ ಕಡೆ ದನಿ ನಿಂತಿತು. ಆಮೇಲೆ ಏನೋ ಸಣ್ಣದಾಗಿ ಕೇಳಿತು.

“ಹೌದು,” ಎಂದಳು ತಾಯಿ. “ಮುಂದೂ ಬರಬ್ಯಾಡ.”

ಹೆಣ್ಣುಮಗಳೊಬ್ಬಳು ತನ್ನ ಬಾಯಿಯಿಂದ ತವರಿನ ಕರೆ ಬೇಡವೆಂಬ ಮಾತು ಆಡಿದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಕೆಲಸದ ಹೊತ್ತಿನಲ್ಲಿ ನಾವು ಅಳಬಾರದೆಂದು ಕಲಿಸಿದ್ದಾರೆ. ನಾನು ಅತ್ತುಬಿಟ್ಟೆ. ತಾಯಿ ಅಳಲಿಲ್ಲ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಕೂತಿದ್ದಳು. ಮಗಳು ಕುರ್ಚಿಯಿಂದ ಎದ್ದು ಹೋಗಿ, ಬೆಂಚಿನ ಮೇಲೆ ತಾಯಿಯ ಬಾಜು ಕೂತಳು.